ಸೀಳಿದ ಬುರುಡೆ

ಡಿಲ್ಲನ್, ಮೊಂಟಾನಾ
ಡಿಸೆಂಬರ್ ೨

ಮುದ್ದು ಟೆಸ್,

ನೀನು ಎರಡು ಸಲ ಫೋನ್ ಮಾಡಿದಾಗಲೂ ಅಮ್ಮನ ಕೈಗೆ ದಾಟಿಸಿ ಕೊಟ್ಟಿಗೆಗೆ ಹೋಗಿಬಿಟ್ಟೆ. ಬೇಸರ ಮಾಡಿಕೊಳ್ಳಬೇಡ ಮಗಳೇ, ನಿನಗೆ ಹೇಳಬೇಕಾದದ್ದು ಫೋನಿನಲ್ಲಿ ಹೇಳುವ ಸುದ್ದಿಯಲ್ಲ. ನಾವು ಕ್ಷೇಮ. ಚಳಿಗೆ ಅಮ್ಮನ ಮಂಡಿ ಹಿಡಿದುಕೊಂಡಿದೆ, ಅದರ ಸಿಟ್ಟೆಲ್ಲ ನನ್ನ ಮೇಲೆ.

ನೀನು ಹೊಡೆದ ಎಲ್ಕ್ ಜಿಂಕೆಯ ಕೊಂಬು ಅರವತ್ತು ದಿನ ಒಣಗಿ, ಭಾನುವಾರ ಅಳತೆಗಾರ ಆರ್ವಿಲ್ ಬಂದ. ಬಿಲ್ಲುಬೇಟೆಯ ದಾಖಲೆ ಪುಸ್ತಕಕ್ಕೆ ನಮ್ಮ ಕಣಿವೆಯ ಹೆಣ್ಣುಮಗಳೊಬ್ಬಳ ಹೆಸರು ಹೋಗುವುದು ಇದೇ ಮೊದಲೆಂದು ಅಮ್ಮ ಸೇಬಿನ ಪೈ ಮಾಡಿದ್ದಳು. ನಿನ್ನ ಅಣ್ಣ ರಾಯ್ಸ್ ಬಾಗಿಲಿಗೆ ಒರಗಿ ನಿಂತಿದ್ದ. ಹನ್ನೊಂದು ವರ್ಷದಿಂದ ಕಣಿವೆಯ ಅತಿ ದೊಡ್ಡ ಕೊಂಬು ಅವನದೇ. ನಿನ್ನದು ಅದನ್ನು ಮೀರಿಸುತ್ತದೆಂದು ನೀನು ಕಳಿಸಿದ ಫೋಟೋದಲ್ಲೇ ಗೊತ್ತಾಗುತ್ತಿತ್ತು.

ಬೆಟ್ಟದಿಂದ ಇಳಿಸಿ ತಂದ ದಿನವೇ ರಾಯ್ಸ್ ಅದಕ್ಕೆ ಗೋಣಿ ಸುತ್ತಿ ಅಟ್ಟಕ್ಕೆ ಹಾಕಿದ್ದ. ನಾನು ಬಿಚ್ಚಿರಲಿಲ್ಲ. ಆರ್ವಿಲ್ ಬಿಚ್ಚಿದ. ಅಳತೆಯ ಟೇಪು ಅವನ ಜೇಬಿನಿಂದ ಹೊರಗೇ ಬರಲಿಲ್ಲ.

"ಲೈಲ್, ಇದನ್ನ ಗರಗಸದಲ್ಲಿ ಸೀಳಿಬಿಟ್ಟಿದಾರಲ್ಲೋ," ಎಂದ. "ಬುರುಡೆ ಎರಡು ಹೋಳಾದ್ಮೇಲೆ ಕೊಂಬಿನ ನಡುವೆ ಎಷ್ಟು ಅಂತರ ಇತ್ತು ಅಂತ ಯಾರು ಹೇಳ್ತಾರೆ? ಪುಸ್ತಕಕ್ಕೆ ಇದು ನಡಿಯಲ್ಲ."

ಎಲ್ಲರೂ ರಾಯ್ಸ್‌ನ ಕಡೆ ನೋಡಿದೆವು.

"ಮತ್ತಿನ್ನೇನು ಮಾಡ್ಬೇಕಿತ್ತು?" ಎಂದ. "ಹಿಮ ಶುರುವಾಗಿತ್ತು. ಅಷ್ಟಗಲದ ಕೊಂಬು ಇಡಿಯಾಗಿ ಹೇರಿದ್ರೆ ಆ ಹೇಸರಗತ್ತೆ ಜುನೊ ಒದ್ದು ಬೀಳಿಸ್ತಾಳೆ. ಟೆಸ್ ಆಸ್ಪತ್ರೆ ಡ್ಯೂಟಿ ಅಂತ ಹೊರಟೋದ್ಲು, ಜುನೊ ಜೊತೆ ಗುದ್ದಾಡಿದ್ದು ನಾನು."

"ಸೀಳಬಾರ್ದು ಅಂತ ನಿನಗೆ ಗೊತ್ತಿರ್ಲಿಲ್ವೇನೋ? ನಿನ್ನ ಹೆಸರೇ ಇದೆಯಲ್ಲ ಆ ಪುಸ್ತಕದಲ್ಲಿ," ಎಂದಳು ಅಮ್ಮ.

"ಮರ್ತೋಯ್ತು."

ಪೈ ಯಾರೂ ಮುಟ್ಟಲಿಲ್ಲ. ಆರ್ವಿಲ್ ಟೋಪಿ ಹಾಕಿಕೊಂಡು ಹೊರಟ. ಅಂದಿನಿಂದ ರಾಯ್ಸ್ ಊಟಕ್ಕೆ ಬರುತ್ತಾನೆ, ಬೆಣ್ಣೆ ಕೊಡು, ಉಪ್ಪು ಕೊಡು ಎನ್ನುತ್ತಾನೆ. ನಾನು ಕೊಡುತ್ತೇನೆ. ಅಮ್ಮ ನನ್ನನ್ನೇ ನೋಡುತ್ತಾಳೆ.

ಡ್ಯೂಟಿ ಮುಗಿಸಿ ಬಂದು ಕತ್ತು ನೋಯುವವರೆಗೂ ಬಿಲ್ಲೆಳೆದು ಕಲಿತವಳು ನೀನು. ಆ ಮೃಗ ನಿನ್ನದು. ಪುಸ್ತಕ ಒಪ್ಪಲಿ ಬಿಡಲಿ, ನಿನ್ನಂಥ ಬೇಟೆಗಾತಿಯ ಅಪ್ಪ ಎಂಬ ಹೆಮ್ಮೆ ನನಗಿದೆ. ಆದರೂ ಸಿಟ್ಟು ಇಳಿದಿಲ್ಲ, ಸುಳ್ಳು ಹೇಳಲಾರೆ.

ನಿನ್ನ ಕೈ ಎಂದೂ ನಡುಗದಿರಲಿ. ಗಾಳಿ ಸದಾ ಎದುರಿನಿಂದಲೇ ಬೀಸಿ ನಿನ್ನ ವಾಸನೆ ಮೃಗಕ್ಕೆ ತಾಗದಂತೆ ಕಾಯಲಿ.

ನಿನ್ನ ಅಪ್ಪ,
ಲೈಲ್

ಮರೆತ ಮಾತು: ಹನ್ನೊಂದು ವರ್ಷದ ಹಿಂದೆ ರಾಯ್ಸ್‌ನ ಕೊಂಬನ್ನು ಅದೇ ದಾರಿಯಲ್ಲಿ ಇಡಿಯಾಗಿ ಹೊತ್ತು ತಂದವಳೂ ಜುನೊನೇ. ಅಂದೂ ಹಿಮ ಬೀಳುತ್ತಿತ್ತು. ಅವಳು ಒಂದು ಸಲವೂ ಒದೆಯಲಿಲ್ಲ. ಹಗ್ಗ ಹಿಡಿದು ಮುಂದೆ ನಡೆದವನು ನಾನೇ. ಅಣ್ಣನನ್ನು ಏನೂ ಕೇಳಬೇಡ ಎಂದು ನಿನಗೆ ಹೇಳಲೆಂದೇ ಈ ಕಾಗದ ಬರೆಯಲು ಕೂತೆ. ಆ ಒಂದು ಮಾತು ಬರೆಯಲು ಮಾತ್ರ ಕೈ ಬರುತ್ತಿಲ್ಲ.