ಅಣ್ಣನ ಹೆಸರಿನ ರಕ್ತ

೧೩ ಜೂನ್ ೧೯೭೭, ಸೋಮವಾರ

ಶಾಲೆ ಶುರುವಾಗಿ ವಾರ. ರಾಜಾಜಿನಗರದ ಮಳೆಗೆ ಮೈದಾನವೆಲ್ಲ ಕೆಸರು. ಆದರೂ ಹುಡುಗರನ್ನು ನಾಲ್ಕು ಸುತ್ತು ಓಡಿಸಿದೆ, ನಾನೂ ಓಡಿದೆ. ಹೆಡ್‌ಮಾಸ್ಟರಿಗೆ ಏದುಸಿರು — ಬರೀ ನಿಂತು ನೋಡಿದ್ದಕ್ಕೆ! ನಲವತ್ತೊಂದಾದರೂ ನನಗೆ ಹೊಟ್ಟೆ ಬಂದಿಲ್ಲ. ಡ್ರಿಲ್ ಮೇಷ್ಟ್ರು ಅಂದಮೇಲೆ ಅಷ್ಟಾದರೂ ಬೇಡವೇ.

ಅಂಬುಜಾಳ ಹೊಸ ಶೂ ಹಿಮ್ಮಡಿ ಕಚ್ಚುತ್ತದಂತೆ. ಬದಲಾಯಿಸಿ ತಂದದ್ದೂ ಕಚ್ಚುತ್ತದೆ. ನನಗೂ ಅದೇ ಕಾಟ, ಹಿಮ್ಮಡಿಯ ಹಿಂದೆ ಗಂಟುಕಟ್ಟಿ ಎಷ್ಟೋ ವರ್ಷವಾಯಿತು. "ಡ್ರಿಲ್ ಮೇಷ್ಟ್ರ ಮಗಳಿಗೆ ಡ್ರಿಲ್ ಮೇಷ್ಟ್ರ ಕಾಲು" ಅಂದೆ. ಸತ್ಯವತಿ ನಗಲಿಲ್ಲ. "ಹತ್ತಿ ಇಟ್ಟು ಕಳಿಸ್ತೀನಿ ಬಿಡಿ" ಅಂದಳು.

೧೬ ಜೂನ್, ಸಂಜೆ

ಸೇತಣ್ಣ ವಿಜಯನಗರದಿಂದ ಬಂದಿದ್ದ. ಮುಖ ಬಾಡಿತ್ತು. ಮಾರ್ಚ್‌ನಲ್ಲಿ ಎದೆನೋವು ಬಂದಾಗಿನಿಂದ ಕಾರ್ಖಾನೆಯವರು ಅವನನ್ನು ಕ್ರೇನಿನಿಂದ ಇಳಿಸಿ ಗೇಟಿನಲ್ಲಿ ಕೂರಿಸಿದ್ದಾರೆ. ನಮ್ಮ ಡಾಕ್ಟರ್ ಚನ್ನವೀರಪ್ಪ ಬರೆದುಕೊಟ್ಟರೆ ಮಾತ್ರ ವಾಪಸ್ ಕ್ರೇನು. ಅವರದು ಒಂದೇ ಹಟ — ಕೊಲೆಸ್ಟರಾಲ್ ಇಳಿಯಲಿ. ಹೋದ ಸಲ ಇನ್ನೂರ ತೊಂಬತ್ತಿತ್ತು. ಇನ್ನೂರೈವತ್ತರ ಒಳಗೆ ಬಂದರೆ ಸಹಿ. ರಕ್ತದಲ್ಲಿ ಕೊಬ್ಬು ಸೇರುತ್ತದಂತೆ. ಸೇರದೆ ಇನ್ನೇನು? ದೋಸೆಗೆ ಬೆಣ್ಣೆ, ಅದರ ಮೇಲೆ ತುಪ್ಪ ಸುರಿದುಕೊಳ್ಳುವ ಆಸಾಮಿ.

"ಲಕ್ಷ್ಮೀಪತಿ, ನೀನು ಹೋಗಿ ರಕ್ತ ಕೊಟ್ಟು ಬಾರೋ. ನನ್ನ ಹೆಸರು ಹೇಳು. ಲ್ಯಾಬಿನವ್ರಿಗೆ ನನ್ನ ಮುಖ ಗೊತ್ತಾ?"

"ಡಾಕ್ಟರಿಗೆ ಮೋಸ ಮಾಡಿದ ಹಾಗಲ್ವಾ ಅಣ್ಣ?"

"ಗೇಟಲ್ಲಿ ಕೂತು ಟೋಕನ್ ಕೊಡ್ತಾ ಇದೀನಿ ಕಣೋ. ನಾನು ಕೆಲಸ ಕಲಿಸಿದ ಹುಡುಗ್ರು ಕ್ರೇನ್ ಮೇಲಿಂದ ನನಗೆ ಕೈ ಬೀಸ್ತಾರೆ."

ಅವನ ಕಣ್ಣಲ್ಲಿ ನೀರು. ಒಪ್ಪಿದೆ. ಒಪ್ಪುವಾಗ ಸ್ವಲ್ಪ ಜಂಬವೂ ಇತ್ತು, ಸುಳ್ಳು ಯಾಕೆ.

೨೦ ಜೂನ್

ರಾತ್ರಿಯಿಂದ ಉಪವಾಸ. ಲ್ಯಾಬಿನಲ್ಲಿ "ಸೇತುರಾಮ" ಎಂದು ಎರಡು ಸಲ ಕೂಗಿದ ಮೇಲೆ ಎದ್ದೆ. ಸೂಜಿ ಚುಚ್ಚಿದ ಹುಡುಗಿ "ಒಳ್ಳೆ ಕೈ ಸಾರ್ ನಿಮ್ದು, ನರ ಹುಡುಕೋದೇ ಬೇಡ" ಅಂದಳು. ಖುಷಿಯಾಯಿತು. ಆಮೇಲೆ ಹೋಟೆಲಿನಲ್ಲಿ ಎರಡು ಇಡ್ಲಿ, ತುಪ್ಪವಿಲ್ಲದೆ.

೨೪ ಜೂನ್

ಮುನ್ನೂರ ತೊಂಬತ್ತಾರು.

ಸೇತಣ್ಣ ರಿಪೋರ್ಟ್ ಹಿಡಿದುಕೊಂಡು ನೇರ ಇಲ್ಲಿಗೇ ಬಂದ. "ಹಿಂದಿನ ರಾತ್ರಿ ಏನು ತಿಂದೆಯೋ? ನಿಜ ಹೇಳು!" ಸಾರನ್ನ, ಮಜ್ಜಿಗೆ ಅಂದೆ. "ಹಾಗಾದ್ರೆ ಲ್ಯಾಬಿನವ್ರದೇ ತಪ್ಪು. ಯಾರದ್ದೋ ಅದಲುಬದಲಾಗಿದೆ. ಇದನ್ನ ತೋರಿಸಿದ್ರೆ ಡಾಕ್ಟರು ನನ್ನನ್ನ ಮನೇಲೇ ಮಲಗಿಸ್ತಾರೆ." ಕಾಗದ ನನ್ನ ಮೇಲೆ ಎಸೆದು ಹೋದ.

ಲ್ಯಾಬಿನವರ ತಪ್ಪೇ ಇರಬೇಕು. ಸತ್ಯವತಿಗೆ ಹೇಳಿಲ್ಲ.

೧೮ ಜುಲೈ

ಬರೆಯಲು ಮನಸ್ಸಿರಲಿಲ್ಲ.

ಸೇತಣ್ಣ ಆವತ್ತು ಹೆದರಿದವನು ತುಪ್ಪ ಬಿಟ್ಟ, ಬೆಣ್ಣೆ ಬಿಟ್ಟ, ಬೆಳಗಾದರೆ ಅತ್ತಿಗುಪ್ಪೆಯವರೆಗೆ ನಡೆದ. ಕೊನೆಗೆ ತಾನೇ ಹೋಗಿ ರಕ್ತ ಕೊಟ್ಟ. ಇನ್ನೂರ ನಲವತ್ತನಾಲ್ಕು. ಡಾಕ್ಟರು ಸಹಿ ಹಾಕಿದರು. ಇವತ್ತು ಕ್ರೇನ್ ಹತ್ತಿದನಂತೆ. ಮೈಸೂರುಪಾಕು ತಂದ — ನಮಗೆ, ತಾನು ಮುಟ್ಟಲಿಲ್ಲ.

ಅದೇ ಲ್ಯಾಬು. ಅವನದು ಸರಿಯಾಗಿಯೇ ಬಂತು...

ಬೆಳಿಗ್ಗೆ ಎರಡನೇ ಸುತ್ತಿನಲ್ಲಿ ಎದೆ ಹಿಡಿದುಕೊಂಡಿತು. ವಿಸಿಲ್ ಊದಲು ಉಸಿರಿಲ್ಲ. ಲೇಸ್ ಕಟ್ಟುವವನ ಹಾಗೆ ಕೂತೆ, ಹುಡುಗರಿಗೆ ಗೊತ್ತಾಗಬಾರದೆಂದು. ಅಪ್ಪ ಮಾರೇನಹಳ್ಳಿಯಲ್ಲಿ ನೀರು ಸೇದುತ್ತಾ ಬಾವಿಕಟ್ಟೆಯ ಮೇಲೆ ಹೀಗೇ ಕೂತದ್ದು. ಏಳಲಿಲ್ಲ. ಆಗ ನಲವತ್ತೆರಡು. ಅಪ್ಪನೂ ನನ್ನ ಹಾಗೆ ಕಡ್ಡಿ. ಹೆದರಿಕೆಯಾಗಿದೆ.

೨೧ ಜುಲೈ, ಸಂಜೆ

ಡಾಕ್ಟರ ಹತ್ತಿರ ಹೋದೆ. ಆ ರಿಪೋರ್ಟ್ ಮೇಜಿನ ಮೇಲಿಟ್ಟೆ. ಹೆಸರು ಓದಿದರು, ತಾರೀಖು ಓದಿದರು, ನನ್ನ ಮುಖ ನೋಡಿದರು.

"ಇದು ಸೇತುರಾಮಂದಲ್ಲ. ಯಾರ ರಕ್ತ ಮೇಷ್ಟ್ರೇ?"

"ನಂದು."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಶೂ ಬಿಚ್ಚಿ ಅಂದರು. ಬಗ್ಗಿ, ಹಿಮ್ಮಡಿಯ ಹಿಂದಿನ ಗಂಟನ್ನು ಹೆಬ್ಬೆರಳಿನಿಂದ ಒತ್ತಿದರು. ನನಗೆ ನಗು. "ಅದು ಕ್ಯಾನ್ವಾಸ್ ಶೂ ಕಚ್ಚಿದ್ದು ಸಾರ್."

"ಶೂ ಅಲ್ರೀ. ಇದೂ ಕೊಲೆಸ್ಟರಾಲೇ. ಇಲ್ಲಿ ಹಿಮ್ಮಡಿಯ ಸ್ನಾಯುವಿನ ಮೇಲೆ ಕೂತಿದೆ. ಹೃದಯದ ರಕ್ತನಾಳದ ಒಳಗೂ ಕೂತಿರುತ್ತೆ."

"ನಾನು ತುಪ್ಪ ಮುಟ್ಟಲ್ಲ ಸಾರ್."

"ನಿಮ್ಮಣ್ಣಂದು ಊಟದಿಂದ ಏರಿದ್ದು, ಊಟ ಬಿಗಿ ಮಾಡಿದ್ರು, ಇಳೀತು. ನಿಮ್ದು ಹುಟ್ಟಿನಿಂದ ಬಂದದ್ದು. ತಂದೆಯವರಿಂದ ಇರ್ಬೇಕು. ಸಣ್ಣಗಿದ್ರೂ ಬಿಡಲ್ಲ ಇದು."

ಮಾತ್ರೆ ಬರೆದರು. ಸ್ವಲ್ಪ ಇಳಿಸುತ್ತದೆ, ಪೂರ್ತಿ ಅಲ್ಲ, ಸುಳ್ಳು ಹೇಳುವುದಿಲ್ಲ ಅಂದರು. ಬೆಣ್ಣೆ, ತುಪ್ಪ, ಕೊಬ್ಬರಿ ಬೇಡ. ಇ.ಸಿ.ಜಿ. ನೋಡುವವರೆಗೆ ಓಡುವ ಹಾಗಿಲ್ಲ. ಮೂರು ತಿಂಗಳಿಗೊಮ್ಮೆ ರಕ್ತ — "ನಿಮ್ಮ ಹೆಸರಲ್ಲೇ ಕೊಡಿ."

ಏಳುವಾಗ ಕೇಳಿದರು. "ಮಕ್ಕಳು?"

"ಒಬ್ಬಳೇ ಮಗಳು. ಹನ್ನೊಂದು ವರ್ಷ."

"ಅರ್ಧಕ್ಕರ್ಧ ಮಕ್ಕಳಿಗೆ ಬರುತ್ತೆ. ಬರದೇನೂ ಇರಬಹುದು. ಒಂದ್ಸಲ ಕರ್ಕೊಂಡು ಬನ್ನಿ. ಇಷ್ಟು ಚಿಕ್ಕ ವಯಸ್ಸಿಗೇ ಗಂಟು ಕಾಣಿಸ್ಕೊಂಡ್ರೆ ಮಾತ್ರ ಹೃದಯಕ್ಕೂ ಬೇಗ ಬರುತ್ತೆ, ದೊಡ್ಡವರಾಗೋವರೆಗೆ ಕಾಯಲ್ಲ." ಚೀಟಿ ಮಡಿಸಿ ಜೇಬಿಗಿಟ್ಟೆ.

೨೨ ಜುಲೈ

ಸತ್ಯವತಿಗೆ ನನ್ನದಷ್ಟೇ ಹೇಳಿದೆ. ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಆಮೇಲೆ ತುಪ್ಪದ ಡಬ್ಬಿ ಎತ್ತಿ ಮೇಲಿನ ಗೂಡಿಗೆ ಸೇರಿಸಿದಳು. ಸೇತಣ್ಣನ ಮೇಲೆ ಸಿಟ್ಟಿಲ್ಲ. ಅವನು ಕಳಿಸದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಗೊತ್ತಾಗದಿದ್ದರೇ ಚೆನ್ನಾಗಿತ್ತೋ ಏನೋ.

ನಾಲ್ಕೂವರೆಗೆ ಅಂಬುಜಾ ಬಂದಳು. ಕುಂಟುತ್ತಿದ್ದಳು. ಶೂ ಬಿಚ್ಚಿ ಮೂಲೆಗೆ ಒದ್ದಳು.

"ಬಾ ಪುಟ್ಟಾ, ಕಾಲು ತೊಳೀತೀನಿ."

"ನೀನ್ಯಾಕಪ್ಪಾ? ನಾನೇ ತೊಳ್ಕೋತೀನಿ."

"ಕೂತ್ಕೋ."

ಬಚ್ಚಲ ಕಲ್ಲಿನ ಮೇಲೆ ಕೂತಳು. ಟೀಚರು ಬೈದದ್ದು ಹೇಳುತ್ತಿದ್ದಳು, ಹೂಂ ಅನ್ನುತ್ತಿದ್ದೆ. ಕಾಲುಚೀಲ ತೆಗೆದೆ. ಹಿಮ್ಮಡಿಗೆ ಅಂಟಿದ್ದ ಹತ್ತಿ ತೆಗೆದೆ. ಶೂ ಕಚ್ಚಿದ್ದರೆ ಚರ್ಮ ಸುಲಿದಿರಬೇಕು, ಕೆಂಪಗಾಗಿರಬೇಕು. ಕಾಲನ್ನು ಬೆಳಕಿಗೆ ತಿರುಗಿಸಿ ಡಾಕ್ಟರು ಒತ್ತಿದ ಹಾಗೆಯೇ ಒತ್ತಿದೆ. ಚರ್ಮಕ್ಕೆ ಏನೂ ಆಗಿಲ್ಲ. ಅದರ ಕೆಳಗೆ ಗಟ್ಟಿಯಾಗಿ ಒಂದು ಗಂಟು, ನನ್ನದರ ಹಾಗೇ.