ಮುಚ್ಚದೆ ಇಟ್ಟ ರೇಡಿಯೋಗ್ರಾಂ

ಪಾಣೆಮಂಗಳೂರು
12-11-1979

ಪ್ರೀತಿಯ ತಂಗಿ ಶಶಿಪ್ರಭಾಳಿಗೆ ಅಣ್ಣನ ಆಶೀರ್ವಾದ.

ಮಿಜಾರಿನಿಂದ ನೀನು ಬರೆದ ಎರಡು ಕಾಗದವೂ ಸಿಕ್ಕಿದೆ. ಉತ್ತರ ತಡವಾಯಿತು, ಬೇಸರ ಮಾಡಬೇಡ. ಮಗುವಿಗೆ ಹಲ್ಲು ಬಂದದ್ದು ಓದಿದೆ. ಸಂತೋಷ ಆಗಬೇಕಿತ್ತು, ಆಗಿರಬಹುದು. ಈಗ ನನಗೆ ಯಾವುದೂ ಬೇಗ ಗೊತ್ತಾಗುವುದಿಲ್ಲ.

ವಿಷಯ ಇಷ್ಟು. ನಿನ್ನ ಅತ್ತಿಗೆ ಕಾಂತಿಯ ತಮ್ಮ ಲೋಕನಾಥ ತೀರಿಹೋದ. ಬೊಂಬಾಯಿಯಲ್ಲಿ, ಕಾಮಾಲೆ ಜೋರಾಗಿ. ನೆರೆಮನೆ ಬೀಯಮ್ಮನ ಮಗ ರಹ್ಮತ್ ಅಲ್ಲಿಂದ ಬಂದವನು ನನ್ನನ್ನು ಗೇಟಿನ ಹತ್ತಿರ ಕರೆದು ಹೇಳಿದ. ಸುಟ್ಟದ್ದೂ ಅಲ್ಲಿಯೇ. ಕಾಂತಿಗೆ ಹೇಳಲಿಲ್ಲ. ಎದೆನೋವು ಇಳಿದು ಅವಳು ಆಸ್ಪತ್ರೆಯಿಂದ ಬಂದದ್ದಷ್ಟೆ. ಮನಸ್ಸಿಗೆ ಪೆಟ್ಟು ಬೀಳಬಾರದು ಎಂದು ಡಾಕ್ಟ್ರು ಹೇಳಿದ್ದಾರೆ. ತಾಯಿ ಸತ್ತ ಮೇಲೆ ಅವನನ್ನು ಸೊಂಟದಲ್ಲಿ ಎತ್ತಿ ಸಾಕಿದವಳು ಅವಳು.

ತೊಂದರೆ ಅವನು ಕಳಿಸಿದ ರೇಡಿಯೋಗ್ರಾಂನದ್ದು. ನೆನಪುಂಟಲ್ಲ, ಕಪಾಟಿನಷ್ಟು ದೊಡ್ಡದು, ಮುಚ್ಚಳ ಎತ್ತಿದರೆ ಒಳಗೆ ಹಾಡಿನ ಪ್ಲೇಟು ಇಡುವ ಜಾಗ. ನೆರೆ ಬಂದ ವರ್ಷ ನಾನೂ ಅವನೂ ಅಟ್ಟಕ್ಕೆ ಹೊತ್ತದ್ದು. ಸಾವಿನ ಮನೆಯಲ್ಲಿ ಅದನ್ನು ಹಾಕುವುದುಂಟಾ? ಮಾವ ತೀರಿಕೊಂಡಾಗ ಬೊಜ್ಜದ ಉತ್ತರಕ್ರಿಯೆ ಮುಗಿಯುವವರೆಗೆ ಬಿಳಿ ವೇಷ್ಟಿ ಹೊದಿಸಿ ಇಟ್ಟಿದ್ದೆವು. ಈಗ ಹಾಕದಿದ್ದರೆ ಅವಳಿಗೆ ಗೊತ್ತಾಗುತ್ತದೆ. ಹಾಗಾಗಿ ಹಾಕುತ್ತೇನೆ.

ಸಂಜೆ ಗುಂಡಿ ತಿರುಗಿಸಿ ಮುಂದೆ ನಿಲ್ಲುತ್ತೇನೆ. ವಾಲ್ವು ಕಾದು ಸ್ವರ ಬರಲಿಕ್ಕೆ ಸಮಯ ಬೇಕಲ್ಲ. ಅದರ ಹಸಿರು ದೀಪದ ಕಣ್ಣು ಮೆಲ್ಲ ಬೆಳಗುತ್ತದೆ. ಅಷ್ಟರಲ್ಲಿ ಅಳು ಬಂದೀತು ಎಂದು ಕಾಯುತ್ತೇನೆ. ವಾರ್ತೆ ಬರುತ್ತದೆ.

"ಅಷ್ಟು ದೊಡ್ಡದು ಯಾಕೆ ಮಾರಾಯ್ರೆ? ಹೊಳೆಯ ಸಂಕದ ಮೇಲೆ ಹೋಗುವ ಬಸ್ಸಿನವರು ಇಳಿದು ಬಂದಾರು," ಎಂದು ಒಳಗಿನಿಂದ ಕಾಂತಿ.

"ಬರಲಿ, ಚಾ ಮಾಡುವ," ಎನ್ನುತ್ತೇನೆ.

"ಮಾಡುವುದು ಯಾರು? ನಿಮಗೆ ನೀರು ಕಾಯಿಸಲಿಕ್ಕೇ ಗೊತ್ತಿಲ್ಲ."

ನಿನ್ನೆ, ಲೋಕನಾಥ ತಂದುಕೊಟ್ಟ ಪ್ಲೇಟು ಒಂದು ಇಡಲಾ ಎಂದು ಕೇಳಿದೆ. "ಅದು ಬೇಡ, ವಾರ್ತೆ ಸಾಕು," ಎಂದಳು. ಬೀಯಮ್ಮ ಬೇಲಿಯ ಆಚೆಯಿಂದ ನನ್ನನ್ನು ನೋಡಿ ಒಳಗೆ ಹೋದರು.

ಆದಿತ್ಯವಾರ ಬರುವುದಾದರೆ ಬಾ. ಬಾಗಿಲಲ್ಲೇ ಅಳಬೇಡ. ಭಾವನಿಗೂ ಹೇಳಿಡು. ಮಗುವಿನ ತಲೆಯ ಮೇಲೆ ನನ್ನ ಬದಲಿಗೆ ನೀನು ಕೈ ಇಡು. ದೇವರು ನಿಮ್ಮ ಮನೆಯನ್ನು ತಂಪಾಗಿ ಇಡಲಿ.

ಇತಿ ನಿನ್ನ ಅಣ್ಣ,
ಕಮಲಾಕ್ಷ

ತಾ.ಕ.: ಲಕೋಟೆಗೆ ಅಂಟು ಹಾಕುವ ಮೊದಲು ಇದನ್ನು ಸೇರಿಸಬೇಕಾಯಿತು. ಈಗ ರೇಡಿಯೋದಲ್ಲಿ ವಾರ್ತೆ ಬರುತ್ತಿದ್ದಾಗ ಕಾಂತಿ ಆ ಬಿಳಿ ವೇಷ್ಟಿ ತಂದಳು. ತಾನೇ ಗುಂಡಿ ತಿರುಗಿಸಿ ನಿಲ್ಲಿಸಿದಳು.

"ರಹ್ಮತ್ ಬಂದ ದಿನವೇ ಬೀಯಮ್ಮ ನನ್ನ ಕೈ ಹಿಡಿದು ಅತ್ತಿದ್ದಾರೆ. ನೀವು ಹಾಕುವುದು ನನಗೋಸ್ಕರ ಎಂದು ಗೊತ್ತಿತ್ತು. ನಿಲ್ಲಿಸಿದರೆ ನೀವು ಕುಸಿದೀರಿ ಎಂದು ಸುಮ್ಮನಿದ್ದೆ. ಇನ್ನು ನನ್ನಿಂದ ಆಗುವುದಿಲ್ಲ. ಮುಚ್ಚುವ," ಎಂದಳು.

ಆ ದಿನ ನಾನು ಪೇಟೆಗೆ ಹೋಗಿದ್ದಾಗ, ಬಾವಿಕಟ್ಟೆಯಲ್ಲಿ ಒಬ್ಬಳೇ ತಮ್ಮನ ಹೆಸರಲ್ಲಿ ತಲೆಗೆ ಮಿಂದಳಂತೆ.

ಅವಳು ವೇಷ್ಟಿಯ ಒಂದು ಕೊನೆ ಹಿಡಿದಳು, ನಾನು ಇನ್ನೊಂದು. ಹೊದಿಸಿದ ಮೇಲೆ ಕೈ ಇಟ್ಟೆ. ಒಳಗೆ ವಾಲ್ವು ಇನ್ನೂ ಬಿಸಿ ಇತ್ತು.