ಕೂಗದ ಕಾವಲು

ಯೋಸು, ನವೆಂಬರ್ ೧೪

ಮಿರಾನ್‌ಗೆ,

ನಾವಿಬ್ಬರು ಬೇರೆಯಾಗಿ ಎರಡು ವರ್ಷವಾಯಿತು. ಏನಂತ ಕರೆಯಬೇಕೋ ತಿಳಿಯದೆ ಬರೀ ಹೆಸರು ಬರೆದೆ. ಕಾಗದ ನೋಡಿ ಗಾಬರಿಯಾಗಬೇಡ. ನಮ್ಮ ಫೋನುಗಳನ್ನೆಲ್ಲ ತನಿಖೆಯವರು ತೆಗೆದುಕೊಂಡಿದ್ದಾರೆ. ಆರು ದಿನದಿಂದ ನಾವು ಏಳು ಜನ ಬಂದರಿನ ಕಚೇರಿಯ ಮೂರನೇ ಮಹಡಿಯಲ್ಲೇ ಇದ್ದೇವೆ. ಬಾಗಿಲಿಗೆ ಬೀಗವೇನೂ ಇಲ್ಲ. ಆದರೆ ಮೊದಲು ಎದ್ದು ಮನೆಗೆ ಹೋದವನೇ ತಪ್ಪಿತಸ್ಥ ಅನ್ನಿಸಿಕೊಳ್ಳುತ್ತಾನೆಂದು ಯಾರೂ ಏಳುತ್ತಿಲ್ಲ. ಕಿಟಕಿ ತೆರೆಯಲು ಬರುವುದಿಲ್ಲ. ಮೂರು ಹೊತ್ತೂ ಅದೇ ತಣ್ಣನೆಯ ಅನ್ನದ ಸುರುಳಿ, ಗಿಂಬಾಪ್.

ಹೊರಗೆ ಕ್ರೇನುಗಳು ನಿಂತೇ ಇವೆ. ಯಾರೋ ನಮ್ಮ ಕಂಪ್ಯೂಟರುಗಳೊಳಗೆ ನುಸುಳಿ, ಯಾವ ಸರಕು ಯಾವ ಹಡಗಿಗೆ ಎಂಬುದನ್ನೆಲ್ಲ ಕಲಸಿಬಿಟ್ಟಿದ್ದಾರೆ.

ನನ್ನ ಕೆಲಸ ಏನೆಂದು ನೀನು ಒಮ್ಮೆ ಕೇಳಿದ್ದೆ. ನಾನು ಗೊಣಗಿ ಸುಮ್ಮನಾಗಿದ್ದೆ. ಈಗ ಹೇಳುತ್ತೇನೆ. ಫೈರ್‌ವಾಲ್ ಅಂದರೆ ಹೊಸ್ತಿಲಲ್ಲಿ ನಿಂತು, ಪಟ್ಟಿಯಲ್ಲಿ ಹೆಸರಿದ್ದವರನ್ನಷ್ಟೇ ಒಳಗೆ ಬಿಡುವಂಥದ್ದು. ಆ ಪಟ್ಟಿ ಬರೆಯುವವನು ನಾನು. ಒಳಗೆ ಇನ್ನೊಂದು ಕಾವಲಿದೆ. ಅದು ಯಾರನ್ನೂ ತಡೆಯುವುದಿಲ್ಲ, ಅನುಮಾನ ಬಂದರೆ ಕೂಗುತ್ತದೆ, ಅಷ್ಟೆ. ಆ ಕೂಗಿಗೆ ಕಿವಿಗೊಟ್ಟು ಕೂರುವುದು ಪ್ಯೋ ಅಕ್ಕನ ಕೆಲಸ. ಅವರಿಗೆ ಐವತ್ತೊಂಬತ್ತು, ಬರುವ ತಿಂಗಳು ನಿವೃತ್ತಿ.

ಫೆಬ್ರವರಿಯಲ್ಲಿ ಸೋಲ್‌ಬಿಯ ಆಪರೇಷನ್ ಆದಾಗ, ಹಗಲೆಲ್ಲ ಮಗಳ ಹತ್ತಿರ ನಾನಿರುತ್ತೇನೆ ಅಂದೆನಲ್ಲ. ರಜೆ ಸಿಕ್ಕಿತು ಅಂತ ನಿನಗೆ ಹೇಳಿದ್ದು ಸುಳ್ಳು. ನನ್ನ ಲ್ಯಾಪ್‌ಟಾಪಿನಿಂದ ನೇರವಾಗಿ ಒಳಗೆ ಹೋಗಲು ಪಟ್ಟಿಯಲ್ಲಿ ಒಂದು ಸಾಲು ಸೇರಿಸಿ, ಅವಳ ಹಾಸಿಗೆಯ ಪಕ್ಕದಲ್ಲೇ ಕೆಲಸ ಮಾಡಿದೆ. ನಾನು ಒಳಹೊಕ್ಕಾಗಲೆಲ್ಲ ಕಾವಲು ಕೂಗುತ್ತಿತ್ತು. ಈ ದಾರಿಯಲ್ಲಿ ಬಂದವರನ್ನು ಕಂಡು ಕೂಗಬೇಡ ಅಂತ ಅದಕ್ಕೂ ಬರೆದೆ. ಮಗು ಮನೆಗೆ ಬಂದಮೇಲೂ ಅಳಿಸಲಿಲ್ಲ. ಅಳಿಸಬೇಕಾದರೆ ಯಾಕೆ ತೆರೆದಿದ್ದೆ ಅಂತ ಫಾರಂ ತುಂಬಬೇಕಿತ್ತು. ಕಳ್ಳರು ಮೊದಲು ನನ್ನ ಲ್ಯಾಪ್‌ಟಾಪಿನೊಳಗೆ ಸೇರಿಕೊಂಡು, ಅದೇ ದಾರಿಯಲ್ಲಿ ಬಂದರು. ಕಾವಲು ಕಮಕ್ ಕಿಮಕ್ ಅನ್ನಲಿಲ್ಲ.

ತನಿಖಾಧಿಕಾರಿ ಮೇಂಗ್ ಮೂರು ದಿನ ಪ್ಯೋ ಅಕ್ಕನನ್ನೇ ಹಿಂಡಿದ. "ಏನಜ್ಜೀ, ಕನ್ನಡಕ ಒರೆಸ್ಕೋತಾ ಕೂತಿದ್ರಾ, ಇಲ್ಲ ಗೊರಕೆ ಹೊಡೀತಿದ್ರಾ?" ಅಂದ. ಅಕ್ಕ, "ಅದು ಕೂಗಿದ್ರೆ ತಾನೇ ನಂಗೆ ಕೇಳ್ಸೋದು" ಅಂದರು, ಅಷ್ಟೆ. ನಾನು ಎದುರಿಗೇ ಕೂತಿದ್ದೆ. ಬಾಯಿ ಬಿಟ್ಟರೆ ನನ್ನ ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ಬಿಡದಿದ್ದರೆ ಅಕ್ಕನ ಮೂವತ್ತು ವರ್ಷದ ದುಡಿಮೆ ಮಣ್ಣುಪಾಲು. ಬಾಯಲ್ಲಿದ್ದ ತುತ್ತು ಇಳಿಯಲೂ ಇಲ್ಲ, ಉಗುಳಲೂ ಆಗಲಿಲ್ಲ.

ಇವತ್ತು ಬೆಳಿಗ್ಗೆ ನಾನೇ ಎದ್ದು ಹೋಗಿ ಎಲ್ಲ ಹೇಳಿದೆ. ಮಧ್ಯಾಹ್ನ ಅಕ್ಕನನ್ನು ಮನೆಗೆ ಬಿಡುತ್ತಿದ್ದಾರೆ. ಈ ಕಾಗದ ಅವರ ಕೈಯಲ್ಲೇ ಕಳಿಸುತ್ತೇನೆ. ನಾಳೆ ನನ್ನನ್ನು ವಿಚಾರಣೆಗೆ ರಾಜಧಾನಿ ಸಿಯೋಲ್‌ಗೆ ಕರೆದೊಯ್ಯುತ್ತಾರಂತೆ. ಅಪ್ಪ ದೂರದ ಕೆಲಸಕ್ಕೆ ಹೋದ ಅಂತ ಮಗಳಿಗೆ ಹೇಳಬೇಡ, ಆದದ್ದನ್ನೇ ಹೇಳು. ಆದರೆ ಇದೆಲ್ಲ ತನ್ನ ಆಪರೇಷನ್ನಿನಿಂದ ಅಂತ ಮಾತ್ರ ಅವಳಿಗೆ ಅನ್ನಿಸದಿರಲಿ.

ಇಂತಿ,
ಇನ್‌ಚೋಲ್

ಮತ್ತೊಂದು ಮಾತು: ನಾನೇ ಎದ್ದು ಹೋದೆ ಅಂತ ಬರೆದದ್ದು ಪೂರ್ತಿ ನಿಜವಲ್ಲ. ಬೆಳಿಗ್ಗೆ ಕೈತೊಳೆಯುವಾಗ ಪ್ಯೋ ಅಕ್ಕ ಪಕ್ಕಕ್ಕೆ ಬಂದು ನಿಂತರು. "ಆ ಸಾಲು ನಿಂದೇ ಅಂತ ನಂಗೆ ಆಗ್ಲೇ ಗೊತ್ತಿತ್ತು ಕಣೋ. ಮಗು ಆಸ್ಪತ್ರೇಲಿದೆ ಅಂತ ಸುಮ್ನಿದ್ದೆ. ಅದು ನನ್ ತಪ್ಪು, ನಾನು ಹೇಳ್ಕೋತೀನಿ. ನಿಂದನ್ನ ನೀನ್ ಹೇಳು" ಅಂದರು. ನಾನು ಅವರಿಗಿಂತ ಮುಂಚೆ ಮೇಂಗ್ ಹತ್ತಿರ ಓಡಿ, ಅಕ್ಕನಿಗೆ ಏನೂ ಗೊತ್ತಿರಲಿಲ್ಲ ಅಂದೆ. ಓದಿದ ಮೇಲೆ ಕಾಗದ ಹರಿದುಹಾಕು.